ಪರ್ಷಿಯನ್ ಜೋಡಿ ಮಾಡಿಸುವ ಮುಂಚೆ ಮೂಗು ನೋಡಿ

ಪರ್ಷಿಯನ್ ಬೆಕ್ಕಿನ ಮರಿ ಮಾಡಿಸಬೇಕು ಅನ್ನುವವರು ಈಗ ನಮ್ಮ ತೀರ್ಥಹಳ್ಳಿ ಕಡೆಯಲ್ಲೂ ಇದ್ದಾರೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ, 'ಪಂಚ್ ಫೇಸ್ ಗಂಡು ಎಲ್ಲಿ ಸಿಗುತ್ತೆ?' ಮುಖ ಚಪ್ಪಟೆ ಆದಷ್ಟೂ ರೇಟು ಜಾಸ್ತಿ, ಅಲ್ವಾ. ನಾನೂ ಹಾಗೇ ಶುರು ಮಾಡಿದವನು. ಈಗ ಕೇಳಿದವರಿಗೆಲ್ಲ ಹೇಳುವುದು ಇಷ್ಟೇ: ಮುಖ ಆಮೇಲೆ, ಮೊದಲು ಮೂಗಿನ ಹೊಳ್ಳೆ ನೋಡಿ.

ಮಾರುವವರು ಮುಖಕ್ಕೆ ಮೂರ್ನಾಲ್ಕು ಹೆಸರು ಇಟ್ಟಿದ್ದಾರೆ. ಡಾಲ್ ಫೇಸ್ ಅಂದರೆ ಹಳೇ ಕಾಲದ ಪರ್ಷಿಯನ್, ಪಕ್ಕದಿಂದ ನೋಡಿದರೆ ಮೂಗು ಎದ್ದು ಕಾಣುತ್ತದೆ. ಸೆಮಿ ಪಂಚ್‌ಗೆ ಮೂಗು ಗಿಡ್ಡ, ಆದರೂ ಇದೆ. ಪಂಚ್ ಆದರೆ ಹಣೆ, ಮೂಗು, ಗದ್ದ ಮೂರೂ ಗೋಡೆ ಥರ ಒಂದೇ ಸಮ. ಎಕ್ಸ್‌ಟ್ರೀಮ್ ಪಂಚ್‌ನಲ್ಲಿ ಮೂಗು ಎರಡು ಕಣ್ಣಿನ ನಡುವೆ ಹತ್ತಿ ಕೂತಿರುತ್ತದೆ. ಪೀಕಿಂಗೀಸ್ ನಾಯಿಯ ಮುಖದ ಹಾಗೆ ಇರುವುದಕ್ಕೆ ಇದಕ್ಕೆ ಪೀಕ್ ಫೇಸ್ ಅಂತಲೂ ಹೆಸರು. ತೊಂದರೆ ಏನೆಂದರೆ ಒಬ್ಬರ ಸೆಮಿ ಇನ್ನೊಬ್ಬರಿಗೆ ಪಂಚ್. ಹೆಸರು ನಂಬಬೇಡಿ, ಗೆರೆ ಎಳೆಯಿರಿ. ಬೆಕ್ಕಿನ ಕಣ್ಣಿನ ಮಟ್ಟಕ್ಕೆ ಫೋನ್ ಹಿಡಿದು ನೇರ ಫೋಟೋ ತೆಗೆಯಿರಿ, ಎರಡೂ ಕಣ್ಣಿನ ಕೆಳರೆಪ್ಪೆ ಸೇರಿಸಿ ಒಂದು ಅಡ್ಡಗೆರೆ ಹಾಕಿ. ಮೂಗಿನ ಮೇಲಂಚು ಗೆರೆಗಿಂತ ಕೆಳಗಿದ್ದರೆ ಮುಂದಿನ ಮಾತು. ಗೆರೆ ಮುಟ್ಟಿದ್ದರೆ ಅಥವಾ ದಾಟಿದ್ದರೆ ಆ ಬೆಕ್ಕನ್ನು ಸಾಕಿ, ಮುದ್ದು ಮಾಡಿ, ಮರಿ ಮಾತ್ರ ಮಾಡಿಸಬೇಡಿ.

ಯಾಕೆ ಅಂದರೆ ತಲೆಬುರುಡೆ ಗಿಡ್ಡ ಆಯಿತು ಅಂತ ಒಳಗಿನ ಮಾಂಸ ಅಷ್ಟೇ ಕಡಿಮೆ ಆಗುವುದಿಲ್ಲ. ಎಲ್ಲ ಇರುಕಿಕೊಂಡು ಗಾಳಿಗೆ ದಾರಿ ಇಲ್ಲದಂತಾಗುತ್ತದೆ. ಕಣ್ಣಿಂದ ಮೂಗಿಗೆ ಹೋಗುವ ಕಣ್ಣೀರಿನ ನಾಳ ಸೊಟ್ಟಗಾಗಿ ನೀರು ಕೆನ್ನೆ ಮೇಲೇ ಇಳಿಯುತ್ತದೆ. ಹಲ್ಲು ಒಂದರ ಮೇಲೊಂದು. ಕಣ್ಣುಗುಡ್ಡೆ ಉಬ್ಬಿ, ಒಣಗಿ, ಕೆಲವಕ್ಕೆ ಅದರ ಮೇಲೆ ಕಪ್ಪು ಮಚ್ಚೆ ಕಟ್ಟುತ್ತದೆ.

ನನ್ನ ಮೊದಲ ಹೆಣ್ಣು ಮುದ್ದಿ ಎಕ್ಸ್‌ಟ್ರೀಮ್. ಕೊಟ್ಟವರು 'ಕಣ್ಣೀರು ಎಲ್ಲ ಪರ್ಷಿಯನ್‌ಗೂ ಬರುತ್ತೆ, ಒರೆಸಿದರೆ ಆಯ್ತು' ಅಂದಿದ್ದರು. ಒರೆಸಿದೆ, ದಿನಕ್ಕೆ ಮೂರು ಸಲ. ಅಡಿಕೆ ಬೇಯಿಸುವ ಒಲೆ ಹಚ್ಚಿದ ದಿನ ಆ ಹೊಗೆಗೆ ಅವಳು ಬಾಯಿ ತೆರೆದು ಉಸಿರಾಡಿದಳು. ಬೆಕ್ಕು ನಾಯಿಯಲ್ಲ, ಸುಮ್ನೆ ಕೂತಾಗ ಬಾಯಲ್ಲಿ ಉಸಿರಾಡಿದರೆ ತಕ್ಷಣ ಡಾಕ್ಟರು ಬೇಕು, ನನಗೆ ಆಗ ಅದು ಗೊತ್ತಿರಲಿಲ್ಲ. ಈಯುವಾಗ ಮೊದಲ ಮರಿಯ ತಲೆ ಸಿಕ್ಕಿಕೊಂಡಿತು. ರಾತ್ರಿ ಹನ್ನೊಂದಕ್ಕೆ, ಧೋ ಅಂತ ಮಳೆಯಲ್ಲಿ, ಮಂಡಗದ್ದೆ ರಸ್ತೆಯಲ್ಲಿ ಶಿವಮೊಗ್ಗಕ್ಕೆ 60 ಕಿಲೋಮೀಟರ್. ಸಿಸೇರಿಯನ್ ಆಯಿತು. ಮೂರರಲ್ಲಿ ಒಂದು ಮರಿ ಉಳಿಯಿತು.

ಉಸಿರು ನೋಡುವುದು ಕಷ್ಟವೇನಲ್ಲ. ಬೆಕ್ಕು ಗಾಢ ನಿದ್ದೆಯಲ್ಲಿದ್ದಾಗ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ, 30ಕ್ಕಿಂತ ಕಡಿಮೆ ಇರಬೇಕು. ಚಳಿಯ ಬೆಳಿಗ್ಗೆ ತಣ್ಣಗಿನ ಸ್ಟೀಲ್ ಚಮಚ ಮೂಗಿನ ಕೆಳಗೆ ಹಿಡಿದರೆ ಎರಡು ಮಂಜಿನ ಚುಕ್ಕೆ ಮೂಡುತ್ತವೆ. ಒಂದೇ ಮೂಡಿದರೆ, ಅಥವಾ ಒಂದು ದೊಡ್ಡದು ಒಂದು ಚಿಕ್ಕದಾದರೆ, ಒಂದು ಹೊಳ್ಳೆ ಕಟ್ಟಿದೆ ಅಂತ. ಇದು ನನ್ನ ಮನೆಮದ್ದಿನಂಥ ಪರೀಕ್ಷೆ, ಡಾಕ್ಟರ ಕೈಯಲ್ಲಿ ತೋರಿಸುವುದು ಬಿಡಬೇಡಿ. ಆಮೇಲೆ ಹಿಡಿಕಡ್ಡಿಗೆ ದಾರ ಕಟ್ಟಿ ಐದು ನಿಮಿಷ ಆಡಿಸಿ. ಗೊರಗೊರ ಅಂತ ಏದುಸಿರು ಬಿಟ್ಟರೆ ಅದೇ ಉತ್ತರ.

ಮುಖ ಪಾಸಾದರೂ ರಕ್ತ, ಕಿಡ್ನಿ ಬಾಕಿ. ಪರ್ಷಿಯನ್‌ಗಳಲ್ಲಿ ಪಿಕೆಡಿ ಅನ್ನುವ ಕಾಯಿಲೆ ಇದೆ, ಕಿಡ್ನಿಯಲ್ಲಿ ನೀರುಗುಳ್ಳೆ ಬೆಳೆಯುವುದು. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೆ ಸಾಕು, ಪ್ರತಿ ಮರಿಗೂ ಅರ್ಧಕ್ಕರ್ಧ ಚಾನ್ಸ್. ಮೋಸ ಏನೆಂದರೆ ಲಕ್ಷಣ ಕಾಣುವುದು ಸಾಮಾನ್ಯವಾಗಿ ಏಳು ವರ್ಷದ ಆಸುಪಾಸಿನಲ್ಲಿ, ಅಷ್ಟರಲ್ಲಿ ನಾಲ್ಕೈದು ಸೂಲು ಮುಗಿದಿರುತ್ತದೆ. ಇದರ ಜೀನ್ ದೋಷ 2004ರಲ್ಲೇ ಪತ್ತೆಯಾಗಿದೆ, ಕೆನ್ನೆಯ ಒಳಗೆ ಹತ್ತಿಯಿಂದ ಉಜ್ಜಿ ಕಳಿಸಿದರೆ ಡಿಎನ್‌ಎ ಪರೀಕ್ಷೆ ಆಗುತ್ತದೆ. ಅದಿಲ್ಲದಿದ್ದರೆ ಹತ್ತು ತಿಂಗಳು ದಾಟಿದ ಮೇಲೆ ಅಲ್ಟ್ರಾಸೌಂಡ್ ಮಾಡಿಸಿ. ರಕ್ತದ ಗುಂಪೂ ಕೇಳಿ. ಬಿ ಗುಂಪಿನ ತಾಯಿಗೆ ಎ ಗುಂಪಿನ ಗಂಡು ಬಿಟ್ಟರೆ, ಎ ಗುಂಪಿನ ಮರಿಗಳು ಚೆನ್ನಾಗೇ ಹುಟ್ಟಿ, ತಾಯಿಯ ಗಿಣ್ಣುಹಾಲು ಕುಡಿದ ಮೇಲೆ ಒಂದೆರಡು ದಿನದಲ್ಲಿ ಸಾಯಬಹುದು. ಜನ ಅದನ್ನು ದೃಷ್ಟಿ ಅನ್ನುತ್ತಾರೆ.

ಜೋಡಿಗೆ ನನ್ನ ಲೆಕ್ಕ: ಹೆಣ್ಣು ಸೆಮಿ ಆದರೆ ಗಂಡು ಡಾಲ್. ಎರಡೂ ಪಂಚ್ ಬೇಡ, ಅಣ್ಣ ತಂಗಿ ಮೊದಲೇ ಬೇಡ. ಹೆಣ್ಣಿಗೆ ಒಂದೂವರೆ ವರ್ಷ ಆಗಲಿ, ಮೊದಲ ಬೆದೆಗೇ ಆತುರ ಬೀಳಬೇಡಿ. ಗಬ್ಬ 63ರಿಂದ 67 ದಿನ. ಜೋರಾಗಿ ಮುಕ್ಕಿಯೂ ಅರ್ಧ ಗಂಟೆಯಲ್ಲಿ ಮರಿ ಬರದಿದ್ದರೆ ಕಾರು ಹತ್ತಿ. ಡಾಕ್ಟರ ನಂಬರ್, ಒಣ ಟವೆಲ್, ದಾರ ಮುಂಚೆಯೇ ಇಟ್ಟುಕೊಂಡಿರಿ, ಚಪ್ಪಟೆ ಮುಖದ ತಾಯಿಗೆ ಹಲ್ಲು ಕೂಡದೆ ಹೊಕ್ಕುಳಬಳ್ಳಿ ಕಡಿಯಲು ಬರುವುದಿಲ್ಲ, ಎಷ್ಟೋ ಸಲ ನಾವೇ ಕೈ ಹಾಕಬೇಕು. ಮರಿಗಳನ್ನು ದಿನಾ ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ದಿನಕ್ಕೆ ಹತ್ತು ಗ್ರಾಂ ಆದರೂ ಏರಬೇಕು. ಹಾಲು ಮೂಗಿಂದ ವಾಪಸ್ ಬಂದರೆ ಅಂಗುಳ ಸೀಳಿದೆಯಾ ಅಂತ ಬಾಯಿ ತೆರೆದು ನೋಡಿ.

ಆಷಾಢದಲ್ಲಿ ಈಯುವ ಹಾಗೆ ಜೋಡಿ ಮಾಡಿಸಬೇಡಿ. ನಮ್ಮ ಮಳೆಗೆ ಬಟ್ಟೆಯೇ ಒಣಗುವುದಿಲ್ಲ, ಆ ಉದ್ದ ಕೂದಲು ಎಲ್ಲಿ ಒಣಗಬೇಕು. ಹುಳುಕಡ್ಡಿ ಒಂದು ಮರಿಗೆ ಬಂದರೆ ಮನೆ ಮಕ್ಕಳಿಗೂ ಬರುತ್ತದೆ.

ಮೂರು ತಿಂಗಳು ತುಂಬುವ ಮುಂಚೆ ಮರಿ ಕೊಡಬೇಡಿ. ಕೊಡುವಾಗ ಮತ್ತೆ ಅದೇ ಗೆರೆ ಎಳೆದು ನೋಡಿ, ದಾಟಿದ ಮರಿ ಇದ್ದರೆ ಮುಂದೆ ಮರಿ ಆಗದಂತೆ ಆಪರೇಷನ್ ಮಾಡಿಸುವ ಮಾತಿನ ಮೇಲೇ ಕೊಡಿ. ಅರಿವಳಿಕೆ ಕೊಡುವ ಮುಂಚೆ ಉಸಿರಿನ ತೊಂದರೆ ಡಾಕ್ಟರಿಗೆ ಹೇಳಬೇಕು. ಮುದ್ದಿಗೂ ಮಾಡಿಸಿದೆ. ಈಗ ಜಗಲಿಯಲ್ಲಿ ಮನುಷ್ಯರ ಹಾಗೆ ಗೊರಕೆ ಹೊಡೆಯುತ್ತಾಳೆ, ಅಡಿಕೆ ಒಲೆ ಹಚ್ಚುವ ದಿನ ಮಾತ್ರ ಅವಳನ್ನು ಹಿಂದಿನ ಕೋಣೆಗೆ ಹಾಕಿ ಬಾಗಿಲ ಸಂದಿಗೆ ಗೋಣಿಚೀಲ ತುರುಕುತ್ತೇನೆ.