ಅಮೆರಿಕದಲ್ಲಿ ಯೀಸ್ಟ್ ಪ್ರಕ್ರಿಯೆಗೆ ಪೇಟೆಂಟ್: ‘ನಿರಂತರ’ ಅಂದರೆ ಸಾಲದು

ಯೀಸ್ಟ್‌ನಿಂದ ಸಿಟ್ರಿಕ್ ಆಮ್ಲ ತೆಗೆಯುವ ಕೆಲಸದಲ್ಲಿದ್ದೀರಾ? ತೊಟ್ಟಿ ತುಂಬಿ, ಖಾಲಿ ಮಾಡಿ, ಮತ್ತೆ ತುಂಬುವ ಬದಲು ಒಂದು ಕಡೆ ಸಕ್ಕರೆ ನೀರು ಬಿಡುತ್ತಾ, ಇನ್ನೊಂದು ಕಡೆ ಆಮ್ಲ ತೆಗೆಯುತ್ತಾ ವಾರಗಟ್ಟಲೆ ಓಡಿಸುವ ದಾರಿ ಸಿಕ್ಕಿದೆಯಾ? ಇಲ್ಲಿ ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ಅರ್ಜಿ ಹಾಕಲು ಇಲ್ಲಿನ ಪೌರತ್ವ ಬೇಕಿಲ್ಲ. ಆದರೆ ಬೇರೆ ಕೆಲವು ವಿಷಯ ಮೊದಲೇ ಗೊತ್ತಿರಬೇಕು.

ಬ್ಯಾಚ್‌ನಲ್ಲಿ, ಅಂದರೆ ತೊಟ್ಟಿ ತುಂಬಿ ಖಾಲಿ ಮಾಡುವ ರೀತಿಯಲ್ಲಿ, ಆಗುತ್ತಿದ್ದುದನ್ನು ನಿರಂತರ ಮಾಡಿದೆ ಅಂತ ಅಷ್ಟೇ ಬರೆದರೆ ಪೇಟೆಂಟ್ ಕಚೇರಿಯ ಪರೀಕ್ಷಕರು ಒಪ್ಪುವುದಿಲ್ಲ. 1963ರ ಡಿಲ್ನಾಟ್ ಪ್ರಕರಣದಲ್ಲಿ ಕೋರ್ಟು ಅದನ್ನು ಯಾರಿಗಾದರೂ ಹೊಳೆಯುವ ಬದಲಾವಣೆ ಎಂದಿತು. ಅದು ಸಿಮೆಂಟಿನ ವಿಷಯ, ಆದರೂ ಪರೀಕ್ಷಕರ ಕೈಪಿಡಿಯಲ್ಲಿ ಇವತ್ತಿಗೂ ಇದೆ. ಯೀಸ್ಟ್ ಕೂಡ ಹೊಸದಲ್ಲ. ಈಗ ಯಾರೋವಿಯಾ ಲಿಪೊಲಿಟಿಕಾ ಎನ್ನುವ ಯೀಸ್ಟಿಗೆ ಕ್ಯಾಂಡಿಡಾ ಎಂಬ ಹೆಸರಿದ್ದ 1970ರ ದಶಕದಲ್ಲೇ ಇಂಥ ಪೇಟೆಂಟ್‌ಗಳು ಬಂದಿವೆ.

ಹಾಗಾದರೆ ನಿಮ್ಮದು ಅನ್ನುವುದು ಯಾವುದು? ಈ ಯೀಸ್ಟ್ ಆಮ್ಲ ಜಾಸ್ತಿ ಬಿಡುವುದು ಸಾರಜನಕ ಮುಗಿದು ಬೆಳವಣಿಗೆ ನಿಂತಾಗ. ನಿರಂತರ ತೊಟ್ಟಿಯಲ್ಲಿ ಬೆಳವಣಿಗೆ ನಿಂತರೆ ಕೋಶಗಳು ಹರಿವಿನ ಜೊತೆ ಕೊಚ್ಚಿ ಹೋಗುತ್ತವೆ. ಈ ಜಗಳವನ್ನು ಹೇಗೆ ಬಿಡಿಸಿದಿರಿ? ಎರಡು ತೊಟ್ಟಿ ಇಟ್ಟಿರಾ, ಕೋಶಗಳನ್ನು ಸೋಸಿ ವಾಪಸ್ ಕಳಿಸಿದಿರಾ? ಗಂಟೆಗೆ ಎಷ್ಟು ಹರಿವು? ಜೊತೆಯಲ್ಲಿ ಬರುವ, ನಮಗೆ ಬೇಡದ ಐಸೊಸಿಟ್ರಿಕ್ ಆಮ್ಲ ಎಷ್ಟು ತಗ್ಗಿತು? ಯಾರೂ ನಿರೀಕ್ಷಿಸದ ಅಂಕಿ ಸಿಕ್ಕಿದ್ದರೆ ಅದೇ ಅರ್ಜಿಯ ಜೀವಾಳ. ಅದೇ ತಳಿ, ಅದೇ ಸಕ್ಕರೆ ಇಟ್ಟು ಬ್ಯಾಚ್ ಮತ್ತು ನಿರಂತರ ಎರಡನ್ನೂ ಓಡಿಸಿ, ಅಂಕಿಗಳನ್ನು ಪಕ್ಕಪಕ್ಕ ಕೊಡಿ.

ನನ್ನ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಪಂಪಿನ ವೇಗ ಇದೆ, ಪಿಎಚ್ ಇದೆ, ಬ್ಯಾಚ್ ಹೋಲಿಕೆ ಮಾತ್ರ ಇಲ್ಲ. ಪರೀಕ್ಷಕರ ಪತ್ರ ಬಂದ ಮೇಲೆ ಮತ್ತೆ ಮಾಡೋಣ ಅಂದರೆ, ಫ್ರೀಜರ್ ಕೆಟ್ಟು ತಳಿಯೇ ಸತ್ತಿತ್ತು. ವಿಶೇಷ ತಳಿ ಬಳಸಿದ್ದರೆ ಅರ್ಜಿಗೂ ಮುಂಚೆ ಅದರ ಮಾದರಿಯನ್ನು ಬುಡಾಪೆಸ್ಟ್ ಒಪ್ಪಂದದ (ಪೇಟೆಂಟ್‌ಗಾಗಿ ಸೂಕ್ಷ್ಮಜೀವಿಗಳನ್ನು ಕಾದಿಡುವ ಅಂತರರಾಷ್ಟ್ರೀಯ ಒಪ್ಪಂದ) ಕೇಂದ್ರದಲ್ಲಿ ಠೇವಣಿ ಇಡಿ. ವರ್ಜೀನಿಯಾದ ಮನಾಸಸ್‌ನಲ್ಲಿರುವ ಎಟಿಸಿಸಿ ಆಗುತ್ತದೆ, ನಮ್ಮ ಚಂಡೀಗಢದ ಎಂಟಿಸಿಸಿ ಕೂಡ ಆಗುತ್ತದೆ. ಅಮೆರಿಕ ಆಮೇಲೆ ಇಟ್ಟರೂ ಒಪ್ಪುತ್ತದೆ, ಯುರೋಪ್ ಒಪ್ಪುವುದಿಲ್ಲ.

ಅರ್ಜಿಗೂ ಮುಂಚೆ ಸಮ್ಮೇಳನದಲ್ಲಿ ಪೋಸ್ಟರ್ ತೋರಿಸುವ ಆಸೆ ಸಹಜ ಅಲ್ವಾ? ಇಲ್ಲಿ ನಿಮ್ಮದೇ ಪ್ರಕಟಣೆಗೆ 1 ವರ್ಷದ ವಿನಾಯಿತಿ ಇದೆ. ಯುರೋಪಿನಲ್ಲಿ ಅದೂ ಇಲ್ಲ. ಮಾರಾಟದಲ್ಲಿ ಇನ್ನೂ ಎಚ್ಚರ ಬೇಕು. ಪ್ರಕ್ರಿಯೆಯನ್ನು ಗುಟ್ಟಾಗಿಟ್ಟು ಆಮ್ಲವನ್ನು ಮಾತ್ರ ಮಾರಿದರೂ, 1 ವರ್ಷ ದಾಟಿದರೆ ಆ ಪ್ರಕ್ರಿಯೆಗೆ ಪೇಟೆಂಟ್ ಇಲ್ಲ. ಸೆಲನೀಸ್ ಎಂಬ ರಾಸಾಯನಿಕ ಕಂಪನಿಯ ಪ್ರಕರಣದಲ್ಲಿ 2024ರಲ್ಲಿ ಬಂದ ತೀರ್ಪು ಇದೇ.

ಅದಕ್ಕೇ ಬೇಗ ಪ್ರೊವಿಶನಲ್ ಅರ್ಜಿ, ಅಂದರೆ ದಿನಾಂಕ ಹಿಡಿದಿಡುವ ತಾತ್ಕಾಲಿಕ ಅರ್ಜಿ, ಹಾಕಿ. ಪೂರ್ಣ ಅರ್ಜಿ ಹಾಕಲು 12 ತಿಂಗಳು ಸಿಗುತ್ತದೆ. ಆದರೆ ಸುಮ್ನೆ ಎರಡು ಪುಟ ಗೀಚಿ ಕಳಿಸಬೇಡಿ. ಅದರಲ್ಲಿ ಬರೆಯದ ವಿವರಕ್ಕೆ ಆ ದಿನಾಂಕ ಸಿಗುವುದಿಲ್ಲ. ಸಣ್ಣ ಕಂಪನಿಗೆ ಹೆಚ್ಚಿನ ಶುಲ್ಕಗಳಲ್ಲಿ ಶೇ. 60, ಅರ್ಹತೆ ಇರುವ ‘ಮೈಕ್ರೋ’ (ತೀರಾ ಸಣ್ಣ) ಅರ್ಜಿದಾರರಿಗೆ ಶೇ. 80 ರಿಯಾಯಿತಿ ಇದೆ. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದವನ್ನೂ ತೆಗೆದು ಓದಿ, ಹಕ್ಕು ಆಗಲೇ ಕಂಪನಿಗೆ ಹೋಗಿರಬಹುದು.

ಜೊತೆಗಾರರು ಮೈಸೂರಿನಲ್ಲಿ ಕೂತು ಅರ್ಧ ಕೆಲಸ ಮಾಡಿದ್ದಾರಾ? ಅವರು ಭಾರತದ ನಿವಾಸಿ. ಅಲ್ಲಿನ ಪೇಟೆಂಟ್ ಕಾಯ್ದೆಯ 39ನೇ ಕಲಮಿನ ಪ್ರಕಾರ, ಮೊದಲು ಅಮೆರಿಕದಲ್ಲಿ ಹಾಕುವುದಾದರೆ ಭಾರತದ ಪೇಟೆಂಟ್ ಕಚೇರಿಯ ಅನುಮತಿ ಬೇಕು. ಇಲ್ಲಿ ಆದ ಆವಿಷ್ಕಾರವನ್ನು ಮೊದಲು ಹೊರದೇಶದಲ್ಲಿ ಹಾಕಲು ಅಮೆರಿಕದ ಪರವಾನಗಿಯೂ ಬೇಕು. ಕೆಲಸ ಎರಡೂ ಕಡೆ ನಡೆದಿದ್ದರೆ ಎರಡನ್ನೂ ಮೊದಲೇ ತೆಗೆದುಕೊಳ್ಳಿ.