ಏಷ್ಯಾದಲ್ಲಿ ಯುರೋಪಿನ ಸಾಮ್ರಾಜ್ಯಶಾಹಿ ಮತ್ತು ರಾಷ್ಟ್ರೀಯತೆ: ಈ ಚರಿತ್ರೆಯನ್ನು ಓದುವ ಒಂದು ಕ್ರಮ

ಏಷ್ಯಾದ ಮೇಲೆ ಯುರೋಪಿನವರು ನಡೆಸಿದ ಆಳ್ವಿಕೆಯನ್ನೂ ಅದರ ವಿರುದ್ಧ ಎದ್ದ ರಾಷ್ಟ್ರೀಯತೆಯನ್ನೂ ಓದಲು ಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ, ಹೆಚ್ಚಿನ ಪುಸ್ತಕಗಳು ಈ ಚರಿತ್ರೆಯನ್ನು ಆಳಿದವರ ಹೆಸರಿನಲ್ಲಿ ಹಂಚಿಬಿಟ್ಟಿರುವುದು. ಭಾರತ ಮತ್ತು ಬರ್ಮಾ ಬ್ರಿಟಿಷರ ಅಧ್ಯಾಯದಲ್ಲಿ, ಇಂಡೋನೇಷ್ಯಾ ಡಚ್ಚರ ಅಧ್ಯಾಯದಲ್ಲಿ, ವಿಯೆಟ್ನಾಂ ಫ್ರೆಂಚರ ಅಧ್ಯಾಯದಲ್ಲಿ ಬರುತ್ತವೆ. ಹೀಗೆ ಓದಿದವರಿಗೆ ಒಂದೊಂದು ದೇಶದ ಘಟನಾವಳಿ ತಿಳಿಯುತ್ತದೆಯೇ ಹೊರತು, ಬಿಹಾರದ ಹೊಲದಲ್ಲಿ ಬೆಳೆದ ಅಫೀಮು ಚೀನಾದ ಬಂದರುಗಳನ್ನು ಹೇಗೆ ತೆರೆಸಿತು, ಜಪಾನಿನ ಗೆಲುವು ವಿಯೆಟ್ನಾಮಿನ ಯುವಕರನ್ನು ಏಕೆ ಹಡಗು ಹತ್ತಿಸಿತು ಎಂಬ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಆದ್ದರಿಂದ ದೇಶಗಳ ಗಡಿಯನ್ನು ಸ್ವಲ್ಪ ಕಾಲ ಬದಿಗಿಟ್ಟು, ಸರಕು, ಒಪ್ಪಂದ, ವರ್ಷ ಮತ್ತು ಪ್ರಯಾಣಿಕರ ಜಾಡು ಹಿಡಿದು ಓದುವ ಕ್ರಮವೊಂದನ್ನು ಇಲ್ಲಿ ವಿವರಿಸುತ್ತೇನೆ.

ಓದನ್ನು ಆರಂಭಿಸುವ ಮೊದಲು ಎರಡು ಪದಗಳನ್ನು ಬೇರ್ಪಡಿಸಿಕೊಳ್ಳಬೇಕು. ಪರದೇಶದ ನೆಲವನ್ನು ಹಿಡಿದು ತನ್ನ ಅಧಿಕಾರಿಗಳ ಮೂಲಕ ನೇರವಾಗಿ ಆಳುವುದು ವಸಾಹತುಶಾಹಿ. ಸಾಮ್ರಾಜ್ಯಶಾಹಿ ಅದಕ್ಕಿಂತ ವಿಶಾಲವಾದದ್ದು; ನೆಲವನ್ನು ಹಿಡಿಯದೆಯೂ ಇನ್ನೊಂದು ದೇಶದ ಸುಂಕ, ನ್ಯಾಯಾಲಯ ಮತ್ತು ಮಾರುಕಟ್ಟೆಯ ಮೇಲೆ ಹಿಡಿತ ಸಾಧಿಸುವುದೂ ಅದರೊಳಗೆ ಸೇರುತ್ತದೆ. ಸಯಾಮ್, ಅಂದರೆ ಇಂದಿನ ಥಾಯ್ಲೆಂಡ್, ಎಂದೂ ಯಾರ ವಸಾಹತೂ ಆಗಲಿಲ್ಲ. ಆದರೆ 1855ರಲ್ಲಿ ಬ್ರಿಟನ್ನಿನೊಡನೆ ಆದ ಬೌರಿಂಗ್ ಒಪ್ಪಂದದ ಪ್ರಕಾರ ಆಮದಿನ ಮೇಲೆ ಶೇಕಡಾ 3ಕ್ಕಿಂತ ಹೆಚ್ಚು ಸುಂಕ ಹಾಕುವ ಹಕ್ಕನ್ನು ಅದು ಕಳೆದುಕೊಂಡಿತು. ತನ್ನ ನೆಲದಲ್ಲಿದ್ದ ಬ್ರಿಟಿಷ್ ಪ್ರಜೆಗಳನ್ನು ತನ್ನ ನ್ಯಾಯಾಲಯದಲ್ಲಿ ವಿಚಾರಿಸುವ ಅಧಿಕಾರವನ್ನೂ ಬಿಟ್ಟುಕೊಟ್ಟಿತು. ಸಯಾಮನ್ನು ‘ಸ್ವತಂತ್ರವಾಗಿ ಉಳಿದ ದೇಶ’ ಎಂದು ಒಂದೇ ಮಾತಿನಲ್ಲಿ ಬರೆದುಕೊಂಡು ಮುಂದೆ ಸಾಗುವವರು ಇದನ್ನು ಕಾಣಲಾರರು.

ಮೊದಲ ಕೆಲಸವಾಗಿ ಒಂದು ಸರಕನ್ನು ಆರಿಸಿಕೊಳ್ಳಿ. ಜಾಯಿಕಾಯಿ, ಸಕ್ಕರೆ, ರಬ್ಬರು, ಚಹಾ, ಯಾವುದಾದರೂ ಆಗಬಹುದು, ಆದರೆ ಹೊಸಬರಿಗೆ ಅಫೀಮಿನಷ್ಟು ಚೆನ್ನಾಗಿ ಕಲಿಸುವ ಸರಕು ಇನ್ನೊಂದಿಲ್ಲವೆಂಬುದು ನನ್ನ ನಂಬಿಕೆ. ಬ್ರಿಟಿಷರು ಚೀನಾದಿಂದ ಚಹಾ ಕೊಳ್ಳುತ್ತಿದ್ದರು, ಅದಕ್ಕೆ ಬೆಳ್ಳಿಯನ್ನು ಕೊಡಬೇಕಾಗುತ್ತಿತ್ತು, ಚೀನಾದವರಿಗೆ ಮಾತ್ರ ಬ್ರಿಟನ್ನಿನ ಸರಕು ಹೆಚ್ಚಾಗಿ ಬೇಕಾಗಿರಲಿಲ್ಲ. ಈ ಕೊರತೆಯನ್ನು ತುಂಬಿದ್ದು ಬಂಗಾಳ ಮತ್ತು ಬಿಹಾರದ ಅಫೀಮು. ಅದರ ಏಕಸ್ವಾಮ್ಯ ಈಸ್ಟ್ ಇಂಡಿಯಾ ಕಂಪನಿಯದಾಗಿತ್ತು. ಕಂಪನಿ ಅದನ್ನು ಕಲ್ಕತ್ತಾದಲ್ಲಿ ಹರಾಜು ಹಾಕುತ್ತಿತ್ತು, ಖಾಸಗಿ ವರ್ತಕರು ಅಲ್ಲಿಂದ ಕ್ಯಾಂಟನ್‌ಗೆ, ಅಂದರೆ ಗುವಾಂಗ್‌ಝೌಗೆ, ಸಾಗಿಸುತ್ತಿದ್ದರು. ಚೀನಾ ಸರ್ಕಾರ ಅಫೀಮನ್ನು ನಿಷೇಧಿಸಿದ್ದರಿಂದ ಕಂಪನಿ ತನ್ನ ಹೆಸರನ್ನು ಅಲ್ಲಿ ಕಾಣಗೊಡುತ್ತಿರಲಿಲ್ಲ. 1839ರಲ್ಲಿ ಲಿನ್ ಝೆಕ್ಸು ಎಂಬ ಚೀನೀ ಅಧಿಕಾರಿ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ನಾಶ ಮಾಡಿಸಿದಾಗ ಯುದ್ಧ ಆರಂಭವಾಯಿತು. ಆ ಯುದ್ಧದಲ್ಲಿ ಬ್ರಿಟನ್ನಿನ ಪರವಾಗಿ ಹೋರಾಡಿದವರಲ್ಲಿ ಭಾರತದ ಸಿಪಾಯಿಗಳೂ ಇದ್ದರು. ಬಿಹಾರದ ರೈತ, ಕಲ್ಕತ್ತಾದ ಹರಾಜು, ಗುವಾಂಗ್‌ಝೌನ ಬಂದರು, ಲಂಡನ್ನಿನ ಚಹಾ ಎಲ್ಲವನ್ನೂ ಒಂದೇ ಹಾಳೆಯ ಮೇಲೆ ಬರೆದು ಗೆರೆಗಳಿಂದ ಜೋಡಿಸಿದರೆ, ಸಾಮ್ರಾಜ್ಯ ನಡೆಯುತ್ತಿದ್ದ ರೀತಿ ಕಣ್ಣಿಗೆ ಕಟ್ಟುತ್ತದೆ.

ಎರಡನೆಯ ಕೆಲಸ ಒಪ್ಪಂದಗಳ ಮೂಲಪಾಠವನ್ನು ಓದುವುದು. ಇವು ಒಣ ದಾಖಲೆಗಳೆಂದು ಬಹಳ ಮಂದಿ ದೂರವಿಡುತ್ತಾರೆ, ಆದರೆ ಗೆದ್ದವರು ತಮಗೆ ಏನು ಬೇಕಿತ್ತೆಂಬುದನ್ನು ಮರೆಮಾಚದೆ ಬರೆದಿಡುವ ಸ್ಥಳ ಇದೇ. ಪ್ರತಿಯೊಂದು ಒಪ್ಪಂದದಲ್ಲಿಯೂ ನೆಲ, ಹಣ, ಸುಂಕ ಮತ್ತು ನ್ಯಾಯಾಧಿಕಾರ ಎಂಬ ನಾಲ್ಕನ್ನು ಹುಡುಕಿ ಗುರುತು ಹಾಕಿಕೊಳ್ಳಿ. ಆ ಅಫೀಮಿನ ಯುದ್ಧವನ್ನು ಕೊನೆಗೊಳಿಸಿದ 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ಬ್ರಿಟನ್ನಿಗೆ ಹೋದದ್ದನ್ನೂ ಐದು ಬಂದರುಗಳು ತೆರೆದದ್ದನ್ನೂ ಎಲ್ಲರೂ ಹೇಳುತ್ತಾರೆ. ಮೂಲವನ್ನು ಓದಿದವರಿಗೆ ಮಾತ್ರ ಕಾಣುವ ಸಂಗತಿಯೆಂದರೆ, ಚೀನಾ ತೆರಬೇಕಾಗಿದ್ದ 2 ಕೋಟಿ 10 ಲಕ್ಷ ಬೆಳ್ಳಿ ಡಾಲರುಗಳಲ್ಲಿ 60 ಲಕ್ಷ ನಾಶವಾದ ಅಫೀಮಿನ ಬೆಲೆಯಾಗಿತ್ತು ಮತ್ತು 1 ಕೋಟಿ 20 ಲಕ್ಷ ಚೀನಾದ ಮೇಲೆಯೇ ನಡೆಸಿದ ಯುದ್ಧದ ಖರ್ಚಾಗಿತ್ತು. ಇದೇ ಬಗೆಯಲ್ಲಿ 1765ರ ದಿವಾನಿ ಸನದನ್ನು ಓದಿ. ಅದರಲ್ಲಿ ಕಂಪನಿ ಬಂಗಾಳದ ಸಿಂಹಾಸನವನ್ನು ಕೇಳಲಿಲ್ಲ. ಬಂಗಾಳ, ಬಿಹಾರ ಮತ್ತು ಒರಿಸ್ಸಾಗಳ ಕಂದಾಯ ವಸೂಲಿಯ ಹಕ್ಕನ್ನು ಕೇಳಿ ಪಡೆಯಿತು, ಪ್ರತಿಯಾಗಿ ಮೊಗಲ್ ಚಕ್ರವರ್ತಿ ಎರಡನೆಯ ಶಾ ಆಲಂನಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ಕೊಡಲು ಒಪ್ಪಿತು. ಅದಾದ ಐದು ವರ್ಷಗಳೊಳಗೆ ಬಂಗಾಳವನ್ನು ಭೀಕರ ಕ್ಷಾಮ ಆವರಿಸಿತು.

ಕನ್ನಡದ ಓದುಗರಿಗೆ ಇಲ್ಲಿ ಒಂದು ಅನುಕೂಲವಿದೆ, ಏಕೆಂದರೆ ಪರೋಕ್ಷ ಆಳ್ವಿಕೆಯ, ಅಂದರೆ ಸ್ಥಳೀಯ ದೊರೆಯನ್ನು ಮುಂದಿಟ್ಟುಕೊಂಡು ಆಳುವುದರ, ಒಂದು ಸಂಪೂರ್ಣ ಉದಾಹರಣೆ ಮೈಸೂರಿನ ಚರಿತ್ರೆಯಲ್ಲಿಯೇ ಸಿಗುತ್ತದೆ. ಟಿಪ್ಪು ಸುಲ್ತಾನ್ ಮಡಿದ ಮೇಲೆ 1799ರಲ್ಲಿ ಒಡೆಯರೊಡನೆ ಆದ ಒಪ್ಪಂದದಂತೆ ಸಂಸ್ಥಾನವು ಕಂಪನಿಯ ಸೈನ್ಯಕ್ಕಾಗಿ ವರ್ಷಕ್ಕೆ 7 ಲಕ್ಷ ವರಹಗಳನ್ನು ಕೊಡಬೇಕಾಯಿತು. ನಗರ ಎಂಬ ಪ್ರಾಂತದ ರೈತರ ದಂಗೆಯ ನಂತರ, 1831ರಲ್ಲಿ, ದುರಾಡಳಿತದ ಕಾರಣ ಹೇಳಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡು 1881ರವರೆಗೆ ಹಿಂದಿರುಗಿಸಲಿಲ್ಲ. ಇದರ ಪಕ್ಕದಲ್ಲಿ ಮಲಯದ, ಅಂದರೆ ಇಂದಿನ ಮಲೇಷ್ಯಾದ, ಪೆರಾಕ್ ಸಂಸ್ಥಾನದ 1874ರ ಪಾಂಗ್‌ಕೋರ್ ಒಪ್ಪಂದವನ್ನು ಇಟ್ಟು ನೋಡಿ. ಸುಲ್ತಾನನು ರೆಸಿಡೆಂಟನ, ಅಂದರೆ ತನ್ನ ಆಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ, ಸಲಹೆಯನ್ನು ಧರ್ಮ ಮತ್ತು ಮಲಯ ಸಂಪ್ರದಾಯಗಳ ವಿಷಯ ಬಿಟ್ಟು ಉಳಿದೆಲ್ಲದರಲ್ಲಿಯೂ ಕೇಳಬೇಕು, ಕೇಳಿದಂತೆ ನಡೆಯಲೂ ಬೇಕು ಎಂದು ಅದು ವಿಧಿಸುತ್ತದೆ. ಪಾಲಿಸಲೇಬೇಕಾದದ್ದನ್ನು ‘ಸಲಹೆ’ ಎಂದು ಕರೆದಿರುವ ಆ ಪದದ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಮೂರನೆಯ ಕೆಲಸ ಎಲ್ಲಕ್ಕಿಂತ ಕಷ್ಟದ್ದು, ಮತ್ತು ಹೆಚ್ಚಿನ ತಪ್ಪುಗಳು ಇಲ್ಲಿಯೇ ಆಗುತ್ತವೆ. ಪ್ರತಿರೋಧ ಮತ್ತು ರಾಷ್ಟ್ರೀಯತೆ ಒಂದೇ ಅಲ್ಲ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಕಂಪನಿ ಮಾನ್ಯ ಮಾಡದಿದ್ದಾಗ ರಾಣಿ ಚೆನ್ನಮ್ಮ ಯುದ್ಧಕ್ಕೆ ನಿಂತಳು. ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದ. ಡಿಸೆಂಬರಿನಲ್ಲಿ ಕೋಟೆ ಬಿದ್ದು ರಾಣಿ ಸೆರೆಸಿಕ್ಕಿ ಬೈಲಹೊಂಗಲದಲ್ಲಿ ಬಂಧಿಯಾದಳು. ಅದರ ಮರುವರ್ಷ, 1825ರಲ್ಲಿ, ಜಾವಾದ ಯೋಗ್ಯಕರ್ತದ ರಾಜಕುಮಾರ ದಿಪೊನೆಗೊರೊ ಡಚ್ಚರ ವಿರುದ್ಧ ಎದ್ದು ಐದು ವರ್ಷ ಹೋರಾಡಿದ. 1830ರಲ್ಲಿ ಸಂಧಾನಕ್ಕೆಂದು ಕರೆಸಿ ಅವನನ್ನು ಬಂಧಿಸಿ ಗಡೀಪಾರು ಮಾಡಿದರು. 1885ರಲ್ಲಿ ವಿಯೆಟ್ನಾಮಿನ ವಿದ್ವಾಂಸರು ಫ್ರೆಂಚರ ವಿರುದ್ಧ ಹೂಡಿದ ಹೋರಾಟದ ಹೆಸರಿನ ಅರ್ಥವೇ ‘ದೊರೆಗೆ ನೆರವಾಗಿ’ ಎಂದಾಗಿತ್ತು. ಈ ಮೂರನ್ನೂ ನಂತರದ ಪೀಳಿಗೆಗಳು ರಾಷ್ಟ್ರೀಯ ಹೋರಾಟದ ಮೊದಲ ಹೆಜ್ಜೆಗಳೆಂದು ಗೌರವಿಸಿವೆ, ಆ ಗೌರವ ನ್ಯಾಯವಾದದ್ದೇ. ಆದರೂ ಓದುವವರು ಪ್ರತಿಯೊಂದು ದಂಗೆಯ ಮುಂದೆಯೂ ಹೋರಾಟ ಯಾರ ಹೆಸರಿನಲ್ಲಿ ನಡೆಯಿತು, ಗೆದ್ದಿದ್ದರೆ ಅಧಿಕಾರ ಯಾರಿಗೆ ಸೇರುತ್ತಿತ್ತು, ‘ನಾವು’ ಎಂಬ ಮಾತಿನೊಳಗೆ ಯಾರು ಯಾರು ಬರುತ್ತಿದ್ದರು ಎಂಬ ಪ್ರಶ್ನೆಗಳನ್ನು ಇಡಬೇಕು. ಚೆನ್ನಮ್ಮನ ‘ನಾವು’ ಕಿತ್ತೂರು ಸಂಸ್ಥಾನವಾಗಿತ್ತು. ಅದನ್ನು ಹಾಗೆಯೇ ಹೇಳುವುದರಿಂದ ಅವಳ ಧೈರ್ಯಕ್ಕೆ ಸ್ವಲ್ಪವೂ ಕುಂದಾಗುವುದಿಲ್ಲ.

ಈ ‘ನಾವು’ ಹಿಗ್ಗಿದ್ದು ಹೇಗೆ ಎಂಬುದೇ ರಾಷ್ಟ್ರೀಯತೆಯ ಚರಿತ್ರೆ. ಆಳುವವರು ತಮಗೆ ಗುಮಾಸ್ತರೂ ವೈದ್ಯರೂ ಬೇಕೆಂದು ತೆರೆದ ಶಾಲೆಗಳು, ಅಚ್ಚುಕೂಟ, ರೈಲು, ಜನಗಣತಿ ಇದಕ್ಕೆ ದಾರಿಯಾದವು ಎಂಬ ವಿವರಣೆಯನ್ನು ಎಲ್ಲೆಡೆ ಓದುತ್ತೀರಿ. ಅದರಲ್ಲಿ ಸತ್ಯವಿದೆ, ಇಂಡೋನೇಷ್ಯಾದ ಮೊದಲ ಆಧುನಿಕ ಸಂಘಟನೆಯೆನಿಸಿದ ಬುದಿ ಉತೊಮೊ 1908ರಲ್ಲಿ ಹುಟ್ಟಿದ್ದು ಬಟಾವಿಯಾದ, ಅಂದರೆ ಇಂದಿನ ಜಕಾರ್ತದ, ವೈದ್ಯಕೀಯ ಶಾಲೆಯ ವಿದ್ಯಾರ್ಥಿಗಳ ನಡುವೆ. ಆದರೆ ಈ ವಿವರಣೆಯನ್ನು ಪೂರ್ತಿಯಾಗಿ ಒಪ್ಪಿದರೆ ರಾಷ್ಟ್ರೀಯತೆಯೂ ಯುರೋಪಿನವರು ಕೊಟ್ಟ ದಾನವಾಗಿಬಿಡುತ್ತದೆ. ಕಲಿತದ್ದನ್ನು ಏಷ್ಯಾದವರು ಯಾವುದಕ್ಕೆ ತಿರುಗಿಸಿದರು ಎಂಬುದನ್ನು ಗಮನಿಸಬೇಕು. ದಾದಾಭಾಯಿ ನವರೋಜಿ ಬ್ರಿಟಿಷ್ ಸರ್ಕಾರದ ಲೆಕ್ಕಪತ್ರಗಳನ್ನೇ ಆಧಾರವಾಗಿಟ್ಟುಕೊಂಡು ಭಾರತದ ಸಂಪತ್ತು ಸೋರಿಹೋಗುತ್ತಿರುವುದನ್ನು ತೋರಿಸಿದರು. 1913ರಲ್ಲಿ ಡಚ್ಚರು ತಾವು ನೆಪೋಲಿಯನ್ನನ ಹಿಡಿತದಿಂದ ಬಿಡುಗಡೆಯಾದ ನೂರನೆಯ ವರ್ಷವನ್ನು ಇಂಡೋನೇಷ್ಯಾದಲ್ಲಿಯೂ ಆಚರಿಸಲು ಹೊರಟಾಗ, ಜಾವಾದ ಸುವಾರ್ದಿ ಸುರ್ಯನಿಂಗ್ರತ್, ತಾನು ಡಚ್ಚನಾಗಿದ್ದಿದ್ದರೆ ಸ್ವಾತಂತ್ರ್ಯವನ್ನು ಕಸಿದುಕೊಂಡ ನೆಲದಲ್ಲಿ ತನ್ನ ಸ್ವಾತಂತ್ರ್ಯದ ಹಬ್ಬ ಮಾಡುತ್ತಿರಲಿಲ್ಲವೆಂದು ಡಚ್ ಭಾಷೆಯಲ್ಲಿಯೇ ಬರೆದ, ಅದಕ್ಕಾಗಿ ಗಡೀಪಾರಾದ.

ಭಾಷೆಯ ಪ್ರಶ್ನೆಯನ್ನು ಪ್ರತ್ಯೇಕವಾಗಿ ಓದಿರೆಂದು ಒತ್ತಿ ಹೇಳುತ್ತೇನೆ. 1928ರ ಅಕ್ಟೋಬರ್ 28ರಂದು ಬಟಾವಿಯಾದಲ್ಲಿ ಸೇರಿದ ಯುವಜನರು ಒಂದು ನಾಡು, ಒಂದು ಜನ, ಒಂದು ಐಕ್ಯದ ಭಾಷೆ ಎಂದು ಪ್ರತಿಜ್ಞೆ ಮಾಡಿದರು. ಆ ಭಾಷೆಯಾಗಿ ಅವರು ಹಿಡಿದದ್ದು ಅತಿ ಹೆಚ್ಚು ಜನರ ತಾಯ್ನುಡಿಯಾಗಿದ್ದ ಜಾವಾನೀಸನ್ನಲ್ಲ, ಬಂದರುಗಳಲ್ಲಿ ಎಲ್ಲರೂ ಬಳಸುತ್ತಿದ್ದ ಮಲಯವನ್ನು. ಭಾರತದ ಚಳವಳಿ ಬೇರೆ ದಾರಿ ಹಿಡಿಯಿತು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ತನ್ನ ಪ್ರಾಂತ ಸಮಿತಿಗಳನ್ನು ಭಾಷೆಗಳ ಆಧಾರದ ಮೇಲೆ ಮರುರಚಿಸಿತು. ನಾಲ್ಕೇ ವರ್ಷಗಳಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಅಧಿವೇಶನ ನಡೆಯಿತು. ಕನ್ನಡಿಗನಾಗಿರುವುದೂ ಭಾರತೀಯನಾಗಿರುವುದೂ ಒಟ್ಟಿಗೆ ಬೆಳೆದ ಬಗೆ ನಮಗೆ ಸಹಜವೆನಿಸುತ್ತದೆ, ಆದರೆ ಏಷ್ಯಾದ ನಕ್ಷೆಯ ಮೇಲೆ ಇಟ್ಟು ನೋಡಿದಾಗ ಅದು ಹಲವು ದಾರಿಗಳಲ್ಲಿ ಒಂದು ಮಾತ್ರ ಎಂಬುದು ತಿಳಿಯುತ್ತದೆ.

ನಾಲ್ಕನೆಯದಾಗಿ, ಒಂದು ವರ್ಷವನ್ನು ಆರಿಸಿಕೊಂಡು ಏಷ್ಯಾದ ಉದ್ದಗಲಕ್ಕೂ ಓದಿ. ಇದಕ್ಕೆ 1919 ಬಹಳ ತಕ್ಕ ವರ್ಷ. ಮಾರ್ಚ್ 1ರಂದು ಸೋಲ್‌ನಲ್ಲಿ ಕೊರಿಯನ್ನರು ಸ್ವಾತಂತ್ರ್ಯ ಘೋಷಿಸಿದರು. ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾಬಾಗಿನಲ್ಲಿ ಹತ್ಯಾಕಾಂಡ ನಡೆಯಿತು. ಮೇ 4ರಂದು ಬೀಜಿಂಗಿನ ವಿದ್ಯಾರ್ಥಿಗಳು ಬೀದಿಗಿಳಿದರು. ಜೂನಿನಲ್ಲಿ, ಮುಂದೆ ಹೊ ಚಿ ಮಿನ್ ಎಂದು ಹೆಸರಾದ ಯುವಕ, ಪ್ಯಾರಿಸ್ಸಿನ ಶಾಂತಿ ಸಮ್ಮೇಳನದ ಮುಂದೆ ವಿಯೆಟ್ನಾಮಿನ ಬೇಡಿಕೆಗಳನ್ನಿಟ್ಟ. ಮಹಾಯುದ್ಧದ ಕೊನೆಯಲ್ಲಿ ಕೇಳಿಬಂದ ಸ್ವಯಂನಿರ್ಣಯದ, ಅಂದರೆ ಜನರು ತಮ್ಮ ಆಡಳಿತವನ್ನು ತಾವೇ ತೀರ್ಮಾನಿಸಿಕೊಳ್ಳುವ ಹಕ್ಕಿನ, ಮಾತು ಏಷ್ಯಾಕ್ಕೆ ಅನ್ವಯಿಸದೆ ಹೋದದ್ದು ಈ ನಾಲ್ಕನ್ನೂ ಪಕ್ಕಪಕ್ಕದಲ್ಲಿ ಬರೆದಾಗ ಸ್ಪಷ್ಟವಾಗುತ್ತದೆ. ಹಾಗೆ ಬರೆದಾಗಲೇ ಇನ್ನೊಂದು ಸಂಗತಿಯೂ ಕಾಣುತ್ತದೆ: ಸೋಲ್‌ನ ಜನ ಎದ್ದದ್ದು ಜಪಾನಿನ ವಿರುದ್ಧ, ಬೀಜಿಂಗಿನವರ ಸಿಟ್ಟು ಶಾಂಡಾಂಗ್ ಪ್ರಾಂತದಲ್ಲಿ ಜರ್ಮನಿಗಿದ್ದ ಹಕ್ಕುಗಳು ಜಪಾನಿಗೆ ಹೋದುದರ ಮೇಲೆ. 1905ರಲ್ಲಿ ತ್ಸುಷಿಮಾದಲ್ಲಿ ರಷ್ಯಾದ ನೌಕಾಪಡೆಯನ್ನು ಸೋಲಿಸಿ ಏಷ್ಯಾಕ್ಕೆಲ್ಲ ಹುರುಪು ತಂದ, ಫಾನ್ ಬೊಯ್ ಚಾವ್‌ನಂಥ ವಿಯೆಟ್ನಾಮಿನ ನಾಯಕರು ನೆರವು ಬೇಡಿ ಹೋದ ದೇಶವೇ 1910ರಲ್ಲಿ ಕೊರಿಯವನ್ನು ನುಂಗಿತ್ತು. ಬಿಳಿಯರು ಒಂದು ಕಡೆ, ಏಷ್ಯಾದವರು ಇನ್ನೊಂದು ಕಡೆ ಎಂಬ ಸರಳ ಚಿತ್ರ ಇಲ್ಲಿ ಉಳಿಯುವುದಿಲ್ಲ.

ಕೊನೆಯದಾಗಿ ಪ್ರಯಾಣಿಕರ ಜಾಡು. ಗಡೀಪಾರಾದ ಇಬ್ಬರು ದೊರೆಗಳಿಂದ ಆರಂಭಿಸಬಹುದು: ದೆಹಲಿಯ ಬಹದ್ದೂರ್ ಶಾ ಜಫರ್ 1862ರಲ್ಲಿ ರಂಗೂನಿನಲ್ಲಿ ಕಣ್ಣುಮುಚ್ಚಿದ, ಬರ್ಮಾದ ಥಿಬಾ 1885ರಲ್ಲಿ ಪದಚ್ಯುತನಾಗಿ ಕೊಂಕಣದ ರತ್ನಗಿರಿಯಲ್ಲಿ 1916ರಲ್ಲಿ ತೀರಿಕೊಂಡ. ಅವರ ನಂತರ ಸಿಪಾಯಿಗಳ ಹೆಜ್ಜೆಗಳನ್ನು ಹಿಂಬಾಲಿಸಿ, ಅಫೀಮಿನ ಯುದ್ಧದಿಂದ ಹಿಡಿದು 1945ರ ಸುರಬಾಯದವರೆಗೆ. ಆ ವರ್ಷದ ಆಗಸ್ಟ್ 17ರಂದು ಇಂಡೋನೇಷ್ಯಾ ಸ್ವಾತಂತ್ರ್ಯ ಘೋಷಿಸಿತ್ತು. ನವೆಂಬರಿನಲ್ಲಿ ಸುರಬಾಯ ನಗರದ ಮೇಲೆ ದಾಳಿ ಮಾಡಿದ ಬ್ರಿಟಿಷ್ ಪಡೆಗಳಲ್ಲಿ ಬಹುಪಾಲು ಭಾರತೀಯರಿದ್ದರು. ನೆಹರೂ ಇದನ್ನು ವಿರೋಧಿಸಿದರು. ಕೆಲವು ಸಿಪಾಯಿಗಳು ಇಂಡೋನೇಷ್ಯನ್ನರ ಕಡೆಗೆ ಸೇರಿಕೊಂಡರು. ಸಾಮ್ರಾಜ್ಯವನ್ನು ನಮ್ಮವರ ಕೈಗಳೂ ಹೊತ್ತಿದ್ದವು ಎಂಬ ಈ ಭಾಗವನ್ನು ನೋವಾದರೂ ಬಿಡದೆ ಓದಬೇಕು.

ಓದನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ, ಏಕೆಂದರೆ ಆರಿಸಿದ ವರ್ಷಕ್ಕೆ ತಕ್ಕಂತೆ ಕಥೆಯೂ ಬದಲಾಗುತ್ತದೆ. 1947 ಭಾರತ ಉಪಖಂಡಕ್ಕೆ ಸರಿಯಾದರೂ 1954ರವರೆಗೆ ಫ್ರೆಂಚರೊಡನೆ ಹೋರಾಡಿದ ವಿಯೆಟ್ನಾಮಿಗೆ ಸರಿಯಾಗದು. 29 ದೇಶಗಳು ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಸೇರಿದ 1955 ಹೊಸ ರಾಷ್ಟ್ರಗಳ ಕಥೆಗೆ ಹೊಂದುತ್ತದೆ. ಪೋರ್ಚುಗೀಸರ ಕೈಯಲ್ಲಿದ್ದ ಮಕಾವು ಚೀನಾಕ್ಕೆ ಮರಳಿದ್ದು 1999ರಲ್ಲಿ. ಕನ್ನಡದಲ್ಲಿ ಬರೆಯುವವರಿಗೆ ನಾನು ಸೂಚಿಸುವ ವರ್ಷ 1961. ಆ ಡಿಸೆಂಬರಿನಲ್ಲಿ ಪೋರ್ಚುಗೀಸರಿಂದ ಬಿಡುಗಡೆಯಾದ ಗೋವಾವನ್ನು ಅವರ ಸೇನಾನಿ ಅಲ್ಬುಕರ್ಕ್ 1510ರಲ್ಲಿ ಬಿಜಾಪುರದ ಆದಿಲ್‌ಶಾಹಿಯಿಂದ ಹಿಡಿದಿದ್ದ, ಆ ಕೆಲಸದಲ್ಲಿ ಅವನಿಗೆ ನೆರವಾದವರಲ್ಲಿ ಹೊನ್ನಾವರದ ತಿಮ್ಮಯ್ಯನೂ ಒಬ್ಬ. ಒಂದೇ ನೆಲದ 451 ವರ್ಷಗಳಲ್ಲಿ ಸರಕು, ಒಪ್ಪಂದ, ನೆರವಾದವರು, ಎದುರು ನಿಂತವರು ಎಲ್ಲರೂ ಸಿಗುತ್ತಾರೆ. ಮೊದಲ ಅಭ್ಯಾಸಕ್ಕೆ ಅದನ್ನೇ ತೆಗೆದುಕೊಳ್ಳಬಹುದು.