ಹೊಟ್ಟೆ ಚಿಕ್ಕದಾಯ್ತು, ಇನ್ನು ಊಟ ಹೇಗೆ?

ತೂಕ ಇಳಿಸುವ ಸರ್ಜರಿ ಆದವರನ್ನು ಸಾಮಾನ್ಯವಾಗಿ ಎರಡು-ಮೂರು ದಿನಕ್ಕೆ ಮನೆಗೆ ಕಳಿಸುತ್ತಾರೆ. ಕೈಯಲ್ಲಿ ಒಂದು ಡಯಟ್ ಚಾರ್ಟ್ ಇರುತ್ತದೆ. ಅದರಲ್ಲಿ ಬ್ರೊಕೊಲಿ ಸೂಪ್, ಗ್ರೀಕ್ ಯೋಗರ್ಟ್ ಅಂತೆಲ್ಲ ಬರೆದಿದ್ದರೆ ಅಡುಗೆಮನೆಯಲ್ಲಿ ನಿಂತ ಅಮ್ಮನಿಗೋ ಹೆಂಡತಿಗೋ ಗಾಬರಿ. ನಮ್ಮ ಮನೆಯಲ್ಲಿ ಇರುವುದು ಸಾರು, ಪಲ್ಯ, ಮುದ್ದೆ, ಮೊಸರು. ಹಾಗಾಗಿ ಈ ಲೇಖನ. ನನ್ನ ಅಕ್ಕ ಸ್ಲೀವ್ ಸರ್ಜರಿ ಮಾಡಿಸಿಕೊಂಡ ಮೇಲೆ ಮನೆಯವರೆಲ್ಲ ಸೇರಿ ಕಲಿತದ್ದು, ಡಾಕ್ಟರು ಡಯಟೀಷಿಯನ್ನರು ಹೇಳಿಕೊಟ್ಟದ್ದು, ಎರಡನ್ನೂ ಸೇರಿಸಿ ಬರೆದಿದ್ದೇನೆ. ಬೇರೆ ಅಡುಗೆಯೇನೂ ಬೇಕಿಲ್ಲ. ಇರುವ ಅಡುಗೆಯನ್ನೇ ಯಾವ ಕ್ರಮದಲ್ಲಿ, ಎಷ್ಟು, ಎಷ್ಟು ನಿಧಾನಕ್ಕೆ ತಿನ್ನಬೇಕು ಅನ್ನುವುದು ಗೊತ್ತಾಗಬೇಕು. ವಾರಗಳ ಲೆಕ್ಕದಲ್ಲಿ ಮಾತ್ರ ನಿಮ್ಮ ಆಸ್ಪತ್ರೆಯವರು ಹೇಳಿದ್ದೇ ಅಂತಿಮ. ಒಬ್ಬೊಬ್ಬ ಸರ್ಜನ್ ಸ್ವಲ್ಪ ಹಿಂದೆ ಮುಂದೆ ಹೇಳುತ್ತಾರೆ.

ಮೊದಲು, ಒಳಗೆ ಏನು ಬದಲಾಗಿದೆ ತಿಳ್ಕೊಳ್ಳಿ

ಸ್ಲೀವ್ ಸರ್ಜರಿಯಲ್ಲಿ ಜಠರದ ಶೇ 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ, ಅದರಲ್ಲಿ ಶುರುವಿನಲ್ಲಿ 100ರಿಂದ 150 ಎಂಎಲ್ ಹಿಡಿಯುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕಿದ ಆ ಭಾಗದಲ್ಲೇ. ಅದಕ್ಕೇ ಮೊದಲ ತಿಂಗಳುಗಳಲ್ಲಿ ಹಸಿವೇ ಗೊತ್ತಾಗುವುದಿಲ್ಲ. ತೂಕ ಇಳಿಸುವ ಇನ್ನೊಂದು ಸರ್ಜರಿ ಗ್ಯಾಸ್ಟ್ರಿಕ್ ಬೈಪಾಸ್. ಅದು ಆದವರಿಗೆ ಜಠರದ ಮೇಲ್ಭಾಗದಲ್ಲಿ ಸುಮಾರು 30 ಎಂಎಲ್‌ನ ಸಣ್ಣ ಚೀಲ ಮಾಡಿ ಅದನ್ನು ನೇರ ಸಣ್ಣ ಕರುಳಿಗೆ ಜೋಡಿಸಿರುತ್ತಾರೆ. ಆಹಾರ ಸಣ್ಣ ಕರುಳಿನ ಮೊದಲ ಭಾಗವನ್ನು ಮುಟ್ಟದೇ ಮುಂದೆ ಹೋಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಹೆಚ್ಚಾಗಿ ಹೀರಿಕೆಯಾಗುವುದು ಅಲ್ಲೇ. ಹಾಗಾಗಿ ಬೈಪಾಸ್‌ನವರಿಗೆ ಮಾತ್ರೆಯ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು.

ಮೊದಲ ಎರಡು ವಾರ: ಬರೀ ನೀರಾಹಾರ

ಒಳಗಿನ ಹೊಲಿಗೆ ಕೂಡಿಕೊಳ್ಳಬೇಕು, ಅದಕ್ಕೆ ಗಟ್ಟಿ ಏನೂ ಬೇಡ. ಮೊದಲ ಒಂದೆರಡು ದಿನ ನೀರು, ಸೋಸಿದ ತಿಳಿಸಾರು. ಆಮೇಲೆ ತೆಳು ಮಜ್ಜಿಗೆ, ಕೆನೆ ತೆಗೆದ ಹಾಲು, ಬೇಳೆಕಟ್ಟು, ಸೋಸಿದ ಚಿಕನ್ ಸೂಪ್, ಡಾಕ್ಟರು ಬರೆದುಕೊಟ್ಟ ಪ್ರೋಟೀನ್ ಪೌಡರ್. ಸಾರಿಗೆ ಖಾರ, ಹುಳಿ ಕಡಿಮೆ ಇರಲಿ. ಒಗ್ಗರಣೆಯ ಸಾಸಿವೆ, ಕರಿಬೇವು ಬಾಯಿಗೆ ಸಿಗದ ಹಾಗೆ ಸಣ್ಣ ಜರಡಿಯಲ್ಲಿ ಸೋಸಿ.

ಕಾಯಿಲೆ ಬಿದ್ದವರಿಗೆ ಗಂಜಿ ಕೊಡುವುದು ನಮ್ಮಲ್ಲಿ ರೂಢಿ. ಇಲ್ಲಿ ಅದು ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಅಕ್ಕಿ ಗಂಜಿಯಲ್ಲಿ ಇರುವುದು ಪಿಷ್ಟವೇ ಜಾಸ್ತಿ, ಪ್ರೋಟೀನ್ ಹೆಸರಿಗಷ್ಟೇ. ಹೊಟ್ಟೆಯಲ್ಲಿರುವ ಆ ಸ್ವಲ್ಪ ಜಾಗವನ್ನು ಗಂಜಿಗೆ ಕೊಟ್ಟರೆ ಹೆಸರುಬೇಳೆ ಕಟ್ಟಿಗೆ ಜಾಗವೇ ಉಳಿಯುವುದಿಲ್ಲ. ನೋಡಲು ಬಂದವರು ತರುವ ಗ್ಲೂಕೋಸ್ ಡಬ್ಬ, ಪ್ಯಾಕೆಟ್ ಜ್ಯೂಸು ಅತಿಥಿಗಳಿಗೇ ಇರಲಿ.

ಕೆಮ್ಮಿನ ಸಿರಪ್ ಜೊತೆ ಬರುತ್ತದಲ್ಲ, ಗೆರೆ ಹಾಕಿದ ಪ್ಲಾಸ್ಟಿಕ್ ಕಪ್ಪು, ಅದನ್ನು ಎತ್ತಿಟ್ಟುಕೊಳ್ಳಿ. ಶುರುವಿಗೆ 30 ಎಂಎಲ್ ತುಂಬಿಸಿಕೊಂಡು ಹತ್ತು-ಹದಿನೈದು ನಿಮಿಷ ಗುಟುಕು ಗುಟುಕಾಗಿ ಕುಡಿಯಬೇಕು. ಮುಗಿದ ಮೇಲೆ ಮತ್ತೊಂದು. ಹೀಗೆ ದಿನವಿಡೀ ಕುಡಿಯುತ್ತಾ ನಿಧಾನಕ್ಕೆ ಒಂದೂವರೆಯಿಂದ ಎರಡು ಲೀಟರಿಗೆ ಬರಬೇಕು. ಚೊಂಬು ಎತ್ತಿ ಗಟಗಟ ಕುಡಿಯುವುದು ಇನ್ನು ಆಗದ ಮಾತು. ಸ್ಟ್ರಾ ಬೇಡ, ಸೋಡಾ ಬೇಡ. ಮನೆಗೆ ಹೋದವರು ಮತ್ತೆ ಆಸ್ಪತ್ರೆಗೆ ವಾಪಸ್ ಬರಲು ದೊಡ್ಡ ಕಾರಣಗಳಲ್ಲಿ ಒಂದು ಮೈಯಲ್ಲಿ ನೀರು ಕಡಿಮೆಯಾಗುವುದು. ಮೂತ್ರ ಗಾಢ ಹಳದಿ ಬರುತ್ತಿದೆಯಾ, ನಿಂತರೆ ತಲೆ ಸುತ್ತುತ್ತದೆಯಾ, ಅಂದರೆ ಕುಡಿದದ್ದು ಸಾಲುತ್ತಿಲ್ಲ.

ಮಲಗಿಯೇ ಇರಬೇಡಿ. ಗಂಟೆಗೊಮ್ಮೆ ಎದ್ದು ಮನೆಯೊಳಗೇ ನಡೆದಾಡಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಅದೇ ಕಾಯುತ್ತದೆ. ಭಾರ ಮಾತ್ರ ಎತ್ತಬೇಡಿ. 20 ಲೀಟರ್ ನೀರಿನ ಕ್ಯಾನು, ಗ್ಯಾಸ್ ಸಿಲಿಂಡರು, ಮಗು, ಇವೆಲ್ಲ ಸುಮಾರು ಆರು ವಾರ ಬೇರೆಯವರ ಕೆಲಸ.

ಇದೊಂದು ಪ್ಯಾರಾವನ್ನು ಮನೆಯವರೂ ಓದಲಿ. ಜ್ವರ, ಜಾಸ್ತಿಯಾಗುತ್ತಲೇ ಹೋಗುವ ಹೊಟ್ಟೆನೋವು, ಎಡ ಭುಜದಲ್ಲಿ ನೋವು, ಸುಮ್ನೆ ಕೂತಿದ್ದರೂ ನಿಮಿಷಕ್ಕೆ 120 ದಾಟುವ ನಾಡಿ, ಏದುಸಿರು, ಒಂದು ಮೀನಖಂಡ ಮಾತ್ರ ಊದಿಕೊಂಡು ನೋಯುವುದು, ಕಪ್ಪು ಮಲ, ನೀರೂ ನಿಲ್ಲದ ವಾಂತಿ. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಕುಡಿಸಿ ಮಲಗಿಸಬೇಡಿ. ಆಗಲೇ ಆಸ್ಪತ್ರೆಗೆ ಫೋನ್ ಮಾಡಿ, ಹೊರಡಿ. ಹೊಲಿಗೆ ಸೋರುವುದು ಅಪರೂಪ, ಆದರೆ ಆದಾಗ ಒಂದೊಂದು ಗಂಟೆಯೂ ಮುಖ್ಯ.

ಮೂರನೇ ವಾರದಿಂದ: ನುಣ್ಣಗೆ, ಆಮೇಲೆ ಮೆತ್ತಗೆ

ಮೂರು, ನಾಲ್ಕನೇ ವಾರ ಎಲ್ಲವೂ ಮಿಕ್ಸಿಗೆ ಹೋಗಿ ಬರಬೇಕು. ಐದು, ಆರನೇ ವಾರಕ್ಕೆ ಬೆರಳಲ್ಲಿ ಅಮುಕಿದರೆ ಹಿಸುಕುವಷ್ಟು ಮೆತ್ತಗಿದ್ದರೆ ಸಾಕು. ಈ ಹಂತಕ್ಕೆ ನಮ್ಮ ಅಡುಗೆಯಷ್ಟು ಹೊಂದುವುದು ಬೇರೆ ಇಲ್ಲ ಅನಿಸುತ್ತದೆ ನನಗೆ. ಹೆಸರುಬೇಳೆ ತೊವ್ವೆ, ಮೆತ್ತಗೆ ಬೆಂದ ಮೊಟ್ಟೆ, ಪುಡಿ ಮಾಡಿದ ಪನೀರ್, ಮುಳ್ಳು ಬಿಡಿಸಿದ ಮೀನು, ಗಟ್ಟಿ ಮೊಸರು. ಅವರೆಕಾಯಿ ಸೀಸನ್ ಆಗಿದ್ದರೆ ಹಿತಕಿದ ಬೇಳೆ. ಸಿಪ್ಪೆ ಹೇಗೂ ತೆಗೆದಿರುತ್ತದೆ, ಚೆನ್ನಾಗಿ ಬೇಯಿಸಿದರೆ ನಾಲಿಗೆಯಲ್ಲೇ ಕರಗುತ್ತದೆ. ದಿನಕ್ಕೆ ಒಂದೇ ಹೊಸ ಪದಾರ್ಥ ಸೇರಿಸಿ. ಹೊಟ್ಟೆಗೆ ಆಗದಿದ್ದರೆ ಯಾವುದರಿಂದ ಅಂತ ಗೊತ್ತಾಗುತ್ತದೆ.

ಕಷ್ಟ ಕೊಡುವುದು ಮೆತ್ತಗೆ ಕಾಣುವ ಬೇರೆ ತಿಂಡಿಗಳು. ಬ್ರೆಡ್, ಬನ್ನು, ಮುದ್ದೆಯಾದ ಅನ್ನ, ಚಪಾತಿ ಒಳಗೆ ಹೋಗಿ ಅಂಟಾಗಿ ಸಿಕ್ಕಿಕೊಳ್ಳುತ್ತವೆ. ರಾಗಿ ಮುದ್ದೆಯ ಕಥೆ ಇನ್ನೂ ಬೇರೆ. ಅದನ್ನು ಯಾರೂ ಅಗಿಯುವುದಿಲ್ಲ, ಸಾರಲ್ಲಿ ಅದ್ದಿ ನುಂಗುತ್ತೇವೆ, ಮಂಡ್ಯ ಹಾಸನ ತುಮಕೂರು ಕಡೆಯವರಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ ಅದು. ಈಗ ಆ ಉಂಡೆ ನುಂಗಿದರೆ ಎದೆ ನಡುವೆ ಕಲ್ಲು ಇಟ್ಟಂತೆ ನಿಲ್ಲುತ್ತದೆ. ರಾಗಿ ಬೇಕೇ ಬೇಕು ಅನಿಸಿದರೆ ಮಜ್ಜಿಗೆ ಬೆರೆಸಿದ ತೆಳು ಅಂಬಲಿ ಕುಡಿಯಿರಿ. ಮುದ್ದೆಯನ್ನು ಡಯಟೀಷಿಯನ್ ಒಪ್ಪಿದ ಮೇಲೆ, ಗೋಲಿಗಿಂತ ಚಿಕ್ಕ ತುಣುಕಾಗಿ, ಅಗಿದೇ ತಿನ್ನಬೇಕು.

ಸೌಟು ತಳದವರೆಗೆ ಬಿಡಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಪ್ರೋಟೀನ್ ಮೊದಲು. ದಿನಕ್ಕೆ 60ರಿಂದ 80 ಗ್ರಾಂ ಬೇಕು. ಅಷ್ಟು ಸಿಗದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಮೆಟ್ಟಿಲು ಹತ್ತಲು ಶಕ್ತಿ ಇರುವುದಿಲ್ಲ.

ನಾವು ಬೇಳೆ ತಿನ್ನುತ್ತೇವೆ ಅಂದುಕೊಂಡಿರುತ್ತೇವೆ, ನಿಜದಲ್ಲಿ ತಿನ್ನುವುದು ಬೇಳೆಯ ನೀರು. ಸಾರಿನ ಪಾತ್ರೆಯಲ್ಲಿ ಬೇಳೆ ತಳದಲ್ಲಿ ಕೂತಿರುತ್ತದೆ, ಸೌಟು ಮೇಲೆಮೇಲೆ ಆಡುತ್ತದೆ. ನಮ್ಮ ಮನೆಯಲ್ಲಿ ಈಗ ಒಗ್ಗರಣೆಗೂ ಮುಂಚೆ ಬೆಂದ ಬೇಳೆಯನ್ನು ಒಂದು ಬಟ್ಟಲು ಅಕ್ಕನಿಗೆ ಅಂತ ತೆಗೆದಿಡುತ್ತಾರೆ, ಉಪ್ಪು, ಜೀರಿಗೆ, ಅರ್ಧ ಚಮಚ ತುಪ್ಪ ಅಷ್ಟೇ. ಉಳಿದದ್ದು ಸಾರಾಗುತ್ತದೆ. ಬೇರೆ ಅಡುಗೆ ಮಾಡಿದ ಹಾಗೂ ಆಗಲಿಲ್ಲ, ಅಲ್ವಾ?

ಲೆಕ್ಕ ಹೀಗೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ. 100 ಗ್ರಾಂ ಪನೀರಿನಲ್ಲಿ ಸುಮಾರು 18. ಒಂದು ಲೋಟ ಹಾಲಿನಲ್ಲಿ ಆರೇಳು. ಬೇಯಿಸಿದ ಚಿಕನ್, ಮೀನು 100 ಗ್ರಾಮಿಗೆ 20ರ ಮೇಲೆ. ಸೋಯಾ ಚಂಕ್ಸ್ ಒಣ ತೂಕದಲ್ಲಿ 100ಕ್ಕೆ 50 ಗ್ರಾಂ ದಾಟುತ್ತದೆ, ಸಸ್ಯಾಹಾರಿಗಳಿಗೆ ಇದು ದೊಡ್ಡ ಆಸರೆ, ಚೆನ್ನಾಗಿ ನೆನೆಸಿ ಮಿಕ್ಸಿಯಲ್ಲಿ ಪುಡಿ ಮಾಡಿ ಪಲ್ಯಕ್ಕೆ ಹಾಕಬಹುದು. ಆದರೆ ಮೊದಲ ತಿಂಗಳುಗಳಲ್ಲಿ ಇಷ್ಟನ್ನು ಊಟದಿಂದಲೇ ತುಂಬಿಸಿಕೊಳ್ಳಲು ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ, ಹಾಗಾಗಿ ಪ್ರೋಟೀನ್ ಪೌಡರನ್ನು ಜಿಮ್ ಹುಡುಗರ ಪದಾರ್ಥ ಅಂತ ದೂರ ಇಡಬೇಡಿ. ತಟ್ಟೆಯಲ್ಲಿ ಕ್ರಮವೂ ಇಷ್ಟೇ: ಮೊದಲು ಮೊಟ್ಟೆ, ಬೇಳೆ ಅಥವಾ ಮೀನು. ಆಮೇಲೆ ಪಲ್ಯ. ಜಾಗ ಉಳಿದರೆ ಎರಡು ಚಮಚ ಅನ್ನ.

ಊಟಕ್ಕೆ ಕೂರುವ ರೀತಿ

ಸಣ್ಣ ಬಟ್ಟಲು, ಮಕ್ಕಳ ಚಮಚ. ತುತ್ತನ್ನು ಇಪ್ಪತ್ತು-ಇಪ್ಪತ್ತೈದು ಸಲ ಅಗಿಯಿರಿ, ನುಂಗಿದ ಮೇಲೆ ಚಮಚ ಕೆಳಗಿಡಿ. ಒಂದು ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ. ಟಿವಿ, ಮೊಬೈಲ್ ಬೇಡ, ಮಾತಾಡಲು ಯಾರಾದರೂ ಇದ್ದರೆ ಒಳ್ಳೆಯದು. ನೀರಿನ ಲೋಟವನ್ನು ಪಕ್ಕದಲ್ಲೇ ಇಟ್ಟುಕೊಳ್ಳಬೇಡಿ. ಊಟದ ಜೊತೆ ನೀರಿಲ್ಲ, ಊಟವಾಗಿ ಅರ್ಧ ಗಂಟೆ ಕಳೆದ ಮೇಲೆ ಕುಡಿಯಬೇಕು. ಕೊನೆಗೆ ಮಜ್ಜಿಗೆ ಕುಡಿದು ಏಳುವ ನಮ್ಮ ಪದ್ಧತಿಗೆ ಇದು ಕಷ್ಟ. ಮಜ್ಜಿಗೆಯನ್ನು ನಾಲ್ಕು ಗಂಟೆಗೆ ಇಟ್ಟುಕೊಳ್ಳಿ.

ಹೊಟ್ಟೆ ತುಂಬಿತು ಅನ್ನುವುದು ಮೊದಲಿನ ಹಾಗೆ ಗೊತ್ತಾಗುವುದಿಲ್ಲ. ಒಬ್ಬರಿಗೆ ಬಿಕ್ಕಳಿಕೆ ಬರುತ್ತದೆ, ಇನ್ನೊಬ್ಬರಿಗೆ ಮೂಗು ಸೋರುತ್ತದೆ, ಕೆಲವರಿಗೆ ಎದೆ ಬಿಗಿಯುತ್ತದೆ. ಅಕ್ಕನಿಗೆ ಒಂದು ಸೀನು. ಸೀನು ಬಂತು ಅಂದರೆ ಮುಗಿಯಿತು, ಬಟ್ಟಲಲ್ಲಿ ಎರಡು ಚಮಚ ಉಳಿದಿದ್ದರೂ ಮುಚ್ಚಿಡುತ್ತಾಳೆ. ಅನ್ನ ಚೆಲ್ಲಬಾರದು ಅಂತ ಬೆಳೆದವರು ನಾವು, ಆ ಕೊನೆಯ ಎರಡು ಚಮಚವೇ ವಾಂತಿ ತರಿಸುವುದು. ಬಡಿಸುವಾಗಲೇ ಕಡಿಮೆ ಬಡಿಸಿಕೊಳ್ಳಿ.

ಸಿಹಿಯ ಬಗ್ಗೆ ಒಂದು ಮಾತು. ಪಾನಕ, ಪಾಯಸ, ಜಾಮೂನು ನೇರ ಕರುಳಿಗೆ ಇಳಿದರೆ ಹತ್ತರಿಂದ ಮೂವತ್ತು ನಿಮಿಷದೊಳಗೆ ಎದೆ ಹೊಡೆದುಕೊಳ್ಳುವುದು, ಬೆವರು, ಹೊಟ್ಟೆ ಹಿಂಡುವುದು, ಭೇದಿ ಆಗಬಹುದು. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಬೈಪಾಸ್‌ನವರಲ್ಲಿ ಜಾಸ್ತಿ, ಸ್ಲೀವ್‌ನವರಿಗೂ ಕೆಲವೊಮ್ಮೆ ಆಗುತ್ತದೆ. ಒಂದರಿಂದ ಮೂರು ಗಂಟೆ ಬಿಟ್ಟು ಶುಗರ್ ಇಳಿದು ಕೈ ನಡುಗುವುದೂ ಉಂಟು.

ಮಾತ್ರೆ ಬಿಡಬೇಡಿ, ಬೇಡದ ಮಾತ್ರೆ ತಗೊಳ್ಳಬೇಡಿ

ಮಲ್ಟಿವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ಇವು ತೂಕ ಇಳಿಯುವವರೆಗೆ ಮಾತ್ರ ಅಲ್ಲ, ಜೀವನಪೂರ್ತಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಅಂತರ ಇರಲಿ, ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ. ದಿನಗಟ್ಟಲೆ ವಾಂತಿ ಆಗುತ್ತಿದ್ದರೆ ಬಿ1 ತೀರಾ ಕಡಿಮೆಯಾಗಿ ನರಗಳಿಗೆ, ಮಿದುಳಿಗೆ ತೊಂದರೆ ಆಗಬಹುದು. ಸುಮ್ನೆ ಸಹಿಸಿಕೊಳ್ಳಬೇಡಿ.

ತಲೆನೋವು, ಮಂಡಿನೋವು ಅಂತ ಮೆಡಿಕಲ್ ಶಾಪಿನಲ್ಲಿ ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಗೊಳ್ಳಬೇಡಿ, ಬೈಪಾಸ್ ಆದವರಂತೂ ಮುಟ್ಟಲೇಬಾರದು, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ. ಸಿಗರೇಟಿನಿಂದಲೂ ಅದೇ ಅಪಾಯ. ಮದ್ಯ ಮೊದಲಿಗಿಂತ ಬೇಗ ತಲೆಗೇರುತ್ತದೆ, ಚಟವಾಗಿ ಅಂಟಿಕೊಳ್ಳುವ ಭಯವೂ ಇದೆ. ಬಿಪಿ, ಶುಗರ್ ಮಾತ್ರೆಗಳ ಡೋಸು ಕೆಲವೇ ದಿನಗಳಲ್ಲಿ ಬದಲಾಗಬೇಕಾಗಬಹುದು. ನೀವಾಗಿ ನಿಲ್ಲಿಸಬೇಡಿ, ಹಳೆಯ ಡೋಸನ್ನೇ ಮುಂದುವರಿಸಲೂ ಬೇಡಿ, ಕೇಳಿ. ಮಕ್ಕಳು ಬೇಕು ಅನ್ನುವವರು ಒಂದರಿಂದ ಒಂದೂವರೆ ವರ್ಷ ಕಾಯಬೇಕು. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಅದಕ್ಕೆ ಯಾವ ಗರ್ಭನಿರೋಧಕ ಸೂಕ್ತ ಅಂತ ಮೊದಲೇ ಮಾತಾಡಿಕೊಳ್ಳಿ.

ಮನಸ್ಸು ಕುಸಿಯುವ ದಿನಗಳು

ಮೊದಲ ತಿಂಗಳೊಳಗೇ ಒಂದು ವಾರ ತೂಕದ ಮುಳ್ಳು ಅಲ್ಲಾಡುವುದಿಲ್ಲ. ಸರ್ಜರಿ ಫೇಲ್ ಆಯ್ತು ಅಂತ ಅಳುವವರಿದ್ದಾರೆ. ಆಗಿಲ್ಲ. ದೇಹ ನೀರು ಹಿಡಿದಿಟ್ಟುಕೊಂಡು ಹೊಂದಿಕೊಳ್ಳುತ್ತಿರುತ್ತದೆ, ಹೆಚ್ಚಿನವರಿಗೆ ಆಗುವುದೇ. ವಾರಕ್ಕೆ ಒಂದೇ ದಿನ, ಬೆಳಗ್ಗೆ ಒಂದೇ ಹೊತ್ತಿಗೆ ತೂಕ ನೋಡಿ. ಉಳಿದ ದಿನ ಬೇರೆ ಗುರುತು ನೋಡಿ: ಬೆಲ್ಟಿನ ಯಾವ ತೂತಿಗೆ ಬಂದಿರಿ, ರವಿಕೆಯ ಎಷ್ಟು ಹೊಲಿಗೆ ಒಳಗೆ ಹಾಕಿಸಿದಿರಿ, ಬಸ್ಸು ಹತ್ತುವಾಗ ಮಂಡಿ ಏನು ಹೇಳಿತು. ಮೂರನೇ ತಿಂಗಳ ಹೊತ್ತಿಗೆ ಕೂದಲು ಉದುರುತ್ತದೆ. ಬಾಚಣಿಗೆ ನೋಡಿ ಎದೆ ಧಸಕ್ಕೆನ್ನುವುದು ನಿಜ, ಆದರೆ ಪ್ರೋಟೀನ್, ಕಬ್ಬಿಣ ಸರಿಯಾಗಿದ್ದರೆ ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ.

ಇನ್ನು ಜನರ ಮಾತು. ಮೊದಲು "ಎಷ್ಟು ದಪ್ಪ ಆಗಿದ್ದೀಯೇ" ಅಂದವರೇ ಈಗ "ಏನೇ ಇಷ್ಟು ಸೊರಗಿದ್ದೀಯ, ಕಾಯಿಲೆನಾ?" ಅನ್ನುತ್ತಾರೆ. ಆಪರೇಷನ್ ಮಾಡಿಸಿಕೊಂಡು ಸುಲಭದಲ್ಲಿ ಇಳಿಸಿಕೊಂಡಳು ಅನ್ನುವವರೂ ಇದ್ದಾರೆ. ಬೊಜ್ಜು ಒಂದು ಕಾಯಿಲೆ, ಅದಕ್ಕೆ ಸರ್ಜರಿ ಒಂದು ಚಿಕಿತ್ಸೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರನ್ನು ಯಾರೂ ಹೀಗೆ ಕೇಳುವುದಿಲ್ಲ. ಎಲ್ಲರಿಗೂ ಎಲ್ಲ ಹೇಳಬೇಕು ಅಂತೇನಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ "ಡಾಕ್ಟರು ಬೇಡ ಅಂದಿದ್ದಾರೆ" ಅಂತ ಎಲೆಗೆ ಕೈ ಅಡ್ಡ ಹಿಡಿದರೆ ಸಾಕು. ಆಗ ಕೋಸಂಬರಿ, ಪಲ್ಯ, ಸ್ವಲ್ಪ ತೊವ್ವೆ ನಿಧಾನಕ್ಕೆ ತಿನ್ನುತ್ತಾ ಪಕ್ಕದವರ ಜೊತೆ ಮಾತಾಡಿ. ಅಮ್ಮಂದಿರಿಗೆ ಒಂದು ವಿನಂತಿ: "ಇನ್ನೊಂದು ತುತ್ತು ತಿನ್ನೇ, ನನ್ನಾಣೆ" ಅನ್ನಬೇಡಿ. ಪ್ರೀತಿಯಿಂದಲೇ ಹೇಳುತ್ತೀರಿ, ಆದರೆ ಆ ತುತ್ತಿಗೆ ಅಲ್ಲಿ ಜಾಗವಿಲ್ಲ.

ಬೇಜಾರಾದಾಗ, ಸಿಟ್ಟು ಬಂದಾಗ ತಿನ್ನುತ್ತಿದ್ದವರಿಗೆ ಆ ದಾರಿ ಈಗ ಮುಚ್ಚಿರುತ್ತದೆ, ಮನಸ್ಸಿಗೆ ಹೋಗಲು ಜಾಗ ಸಿಗುವುದಿಲ್ಲ. ಇದನ್ನು ಒಬ್ಬರೇ ನುಂಗಿಕೊಳ್ಳಬೇಡಿ. ಕೌನ್ಸೆಲರ್ ಹತ್ತಿರ ಮಾತಾಡಿ, ಇದೇ ಸರ್ಜರಿ ಆದ ಒಬ್ಬರ ನಂಬರ್ ಇಟ್ಟುಕೊಳ್ಳಿ. ಡಾಕ್ಟರು ಒಪ್ಪಿದ ಮೇಲೆ ನಡಿಗೆಯ ಜೊತೆಗೆ ಮಾಂಸಖಂಡಕ್ಕೆ ಕೆಲಸ ಕೊಡುವ ವ್ಯಾಯಾಮವನ್ನೂ ಶುರು ಮಾಡಿ. ಕುರ್ಚಿಯಿಂದ ಎದ್ದು ಕೂರುವುದರಿಂದಲೇ ಶುರು ಮಾಡಬಹುದು.

ಒಂದೂವರೆ ವರ್ಷದ ಆಚೆ

ಹೆಚ್ಚಿನ ಇಳಿಕೆ ಮೊದಲ ಒಂದರಿಂದ ಒಂದೂವರೆ ವರ್ಷದಲ್ಲೇ ಆಗುತ್ತದೆ. ಆಮೇಲೆ ಹಸಿವು ಸ್ವಲ್ಪ ವಾಪಸ್ ಬರುತ್ತದೆ, ಎರಡು-ಮೂರು ಕೆಜಿ ಏರುವುದು ಸಾಮಾನ್ಯ. ಅದು ಅಲ್ಲಿಗೇ ನಿಲ್ಲದಿದ್ದರೆ ಕಾರಣ ಹೆಚ್ಚಾಗಿ ಊಟವಲ್ಲ, ಊಟಗಳ ನಡುವಿನದ್ದು. ಚುರುಮುರಿ, ಮಿಕ್ಸ್ಚರ್, ಬಿಸ್ಕತ್ತು, ಸಕ್ಕರೆ ಹಾಕಿದ ಕಾಫಿ, ಇವೆಲ್ಲ ಸಣ್ಣ ಹೊಟ್ಟೆಯಲ್ಲೂ ನಿಲ್ಲದೆ ಜಾರಿ ಹೋಗುತ್ತವೆ, ಹೊಟ್ಟೆ ತುಂಬಿದ್ದೇ ಗೊತ್ತಾಗುವುದಿಲ್ಲ. ಒಂದು ವಾರ ಬಾಯಿಗೆ ಹಾಕಿದ್ದನ್ನೆಲ್ಲ ಬರೆದಿಡಿ, ಸಿಕ್ಕಿಬೀಳುತ್ತದೆ.

ತೂಕ ಏರಿದೆ ಅಂತ ನಾಚಿಕೊಂಡು ಡಾಕ್ಟರ ಹತ್ತಿರ ಹೋಗುವುದನ್ನೇ ಬಿಡುವವರು ಬಹಳ. ಹೋಗಬೇಕಾದದ್ದು ಆಗಲೇ. ಮೊದಲ ವರ್ಷ ಮೂರು, ಆರು, ಹನ್ನೆರಡನೇ ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಇದ್ದೇ ಇರುತ್ತದೆ. ಆ ದಿನ ಮನೆಯಲ್ಲಿ ಅಡುಗೆ ಮಾಡುವವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಡಯಟೀಷಿಯನ್ ಮುಂದೆ ಅವರೇ ಕೇಳಲಿ: ನಮ್ಮ ಮನೆಯಲ್ಲಿ ಸೋಮವಾರದಿಂದ ಭಾನುವಾರದವರೆಗೆ ಇಂಥಿಂಥದ್ದು ಮಾಡ್ತೀವಿ, ಇದರಲ್ಲಿ ಇವಳಿಗೆ ಯಾವುದು, ಎಷ್ಟು?